ಬಸ್ತಿಹಳ್ಳಿ ಚಿತ್ರಕ್ಕೆ ನಾನು ಮಾಡಿದ ಟ್ಯೂನು

ದೆವ್ವ ಕಂಡೆ, ಸತ್ತವರು ಕನಸಿನಲ್ಲಿ ಬಂದು ಹೇಳಿದರು, ಯಾರೋ ಹೆಸರು ಹಿಡಿದು ಕರೆದ ಹಾಗಾಯಿತು ಅಂತೆಲ್ಲ ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ನಮ್ಮ ನೆಂಟರಿಗೆಲ್ಲ ಇದು ಗೊತ್ತು. ಒಮ್ಮೆ ನನ್ನ ಷಡ್ಡಕ ಅವನ ತೋಟದ ಬಾವಿ ಹತ್ತಿರ ಗೆಜ್ಜೆ ಸದ್ದು ಕೇಳಿದ ಕಥೆ ಹೇಳುತ್ತಿದ್ದಾಗ "ರೆಕಾರ್ಡ್ ಮಾಡ್ಕೊಂಡ್ ಬಾರಯ್ಯ, ಯಾವ್ದಾದ್ರೂ ಸಿನಿಮಾಕ್ಕೆ ಹಾಕ್ತೀನಿ" ಅಂದುಬಿಟ್ಟಿದ್ದೆ. ಅವನು ಇವತ್ತಿಗೂ ನನ್ನ ಜೊತೆ ಮುಖ ಕೊಟ್ಟು ಮಾತಾಡುವುದಿಲ್ಲ. ಅಂಥ ನಾನೇ ಇಂಥದ್ದೊಂದು ಕಥೆ ಬರೆಯಲು ಕೂತಿದ್ದೇನೆ. ನಗುವವರು ನಗಲಿ. ನಂಬಿ ಅಂತ ನಾನು ಯಾರನ್ನೂ ಬೇಡುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದರೆ ಸಿಟ್ಟಾದರೂ ಇಳಿದೀತು ಅಂತ ಬರೆಯುತ್ತಿದ್ದೇನೆ.

ನಾನು ಅರಸೀಕೆರೆಯವನು. ಹಿಂದೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಗಣಪತಿ ಕೂರಿಸುವ ಕಾಲದಲ್ಲಿ ತಿಪಟೂರಿನಿಂದ ಬೇಲೂರಿನವರೆಗೆ ನಾನು ಹತ್ತದ ಪೆಂಡಾಲ್ ಇರಲಿಲ್ಲ. ಈಗ ಮನೆಯ ಮಹಡಿ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಿರುಚಿತ್ರ, ಸಾಕ್ಷ್ಯಚಿತ್ರ, ಜಾಹೀರಾತುಗಳಿಗೆ ಹಿನ್ನೆಲೆ ಸಂಗೀತ ಮಾಡುತ್ತೇನೆ. ಮನೆ ಇರುವುದು ರೈಲು ಹಳಿಯ ಪಕ್ಕ. ಮೈಕ್ ಆನ್ ಮಾಡಿದರೆ ಹಾಡುಗಾರನಿಗಿಂತ ಮೊದಲು ಬೆಂಗಳೂರು ಗಾಡಿ ಕೂಗುತ್ತದೆ. ಆದ್ದರಿಂದ ನನ್ನ ಕೋಣೆಯಲ್ಲಿ ಮೈಕೇ ಇಲ್ಲ. ಎಲ್ಲವೂ ಸಾಫ್ಟ್‌ವೇರ್‌ನಲ್ಲೇ ಆಗಬೇಕು. ಪರದೆಯ ಮೇಲುಗಡೆ ಚಿತ್ರ ಓಡುತ್ತಿರುತ್ತದೆ, ಕೆಳಗಡೆ ಒಂದೊಂದು ವಾದ್ಯಕ್ಕೆ ಒಂದೊಂದು ಪಟ್ಟಿ. ಸ್ವರ ಅಂದರೆ ಆ ಪಟ್ಟಿಯ ಮೇಲೆ ಬಣ್ಣದ ಸಣ್ಣ ಗೆರೆ, ಅಷ್ಟೇ. ಮೌಸ್ ಹಿಡಿದು ಒಂದೊಂದೇ ಗೆರೆ ಇಡುತ್ತಾ, ಎಳೆಯುತ್ತಾ, ಕತ್ತರಿಸುತ್ತಾ ಕೂರುವುದು ನನ್ನ ಕೆಲಸ. ಬೀಡಿ ಕಟ್ಟುವವರಿಗೂ ನನಗೂ ಬೆನ್ನುನೋವಿನಲ್ಲಿ ವ್ಯತ್ಯಾಸವಿಲ್ಲ.

ಈ ಕಸುಬಿಗೆ ಒಂದು ರೋಗ ಅಂಟಿಕೊಂಡಿದೆ. ಚಿತ್ರ ತರುವವರು ಅದರ ಮೇಲೆ ಆಗಲೇ ಯಾವುದೋ ಹೆಸರಾದ ಸಿನಿಮಾದ ಸಂಗೀತ ಅಂಟಿಸಿಕೊಂಡು ಬಂದಿರುತ್ತಾರೆ. "ಇದೇ ಥರ ಮಾಡ್ಕೊಡಿ ಸಾರ್, ಆದ್ರೆ ಇದೇ ಅನ್ನಿಸ್ಬಾರ್ದು" ಅನ್ನುತ್ತಾರೆ. ಅಂದರೆ ಕದಿಯಬೇಕು, ಆದರೆ ಸಿಕ್ಕಿಬೀಳಬಾರದು. ನಾನು ಇದಕ್ಕೆ ಒಪ್ಪಿದವನಲ್ಲ. ಜಗಳ ಆಡಿದ್ದೇನೆ, ಬಂದವರನ್ನು ಮೆಟ್ಟಿಲಿಳಿಸಿ ಕಳಿಸಿದ್ದೇನೆ. ನನ್ನ ಹೆಂಡತಿ ರೈಲ್ವೆಯಲ್ಲಿ ಗುಮಾಸ್ತೆ. ಮನೆ ನಡೆಯುವುದು ಹೆಚ್ಚುಕಡಿಮೆ ಅವಳ ಸಂಬಳದಲ್ಲಿ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಅಂತ ಅವಳು ಅಂದಾಗಲೆಲ್ಲ, ಹೂವು ನನ್ನದೇ ಗಿಡದ್ದಲ್ಲವೇ ಅನ್ನುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದೆ ನನಗೆ ಉರಿದದ್ದು ಯಾಕೆ ಅಂತ ನಿಮಗೆ ಗೊತ್ತಾಗಬೇಕು.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಬ್ಬ ನಿರ್ದೇಶಕ ಬಂದ. ಹೆಸರು ಬೇಡ. ಹಳೇಬೀಡಿಗೆ ಬಂದವರೆಲ್ಲ ದೊಡ್ಡ ಗುಡಿ ನೋಡಿ ಬಸ್ಸು ಹತ್ತಿಬಿಡುತ್ತಾರೆ, ಪಕ್ಕದ ಬಸ್ತಿಹಳ್ಳಿಯ ಬಸದಿಗಳನ್ನು ಯಾರೂ ಕೇಳುವುದಿಲ್ಲ, ಅವುಗಳ ಬಗ್ಗೆ ಚಿತ್ರ ಮಾಡಿದ್ದೇನೆ ಅಂದ. ಒಳ್ಳೆಯ ಮನುಷ್ಯ ಅಂದುಕೊಂಡೆ. ಆಮೇಲೆ ನೋಡಿದರೆ ಅದರ ಮೇಲೆ ಶಂಖ, ಡಮರು, ಜೊತೆಗೆ ನೂರು ಜನ ಒಟ್ಟಿಗೆ ಅರಚುವ ಕೋರಸ್ ಅಂಟಿಸಿಕೊಂಡು ಬಂದಿದ್ದಾನೆ! ಪಾರ್ಶ್ವನಾಥ ಸ್ವಾಮಿ ಬತ್ತಲೆ ನಿಂತು ಕಣ್ಣು ಮುಚ್ಚಿದ್ದಾನೆ, ಅವನ ಮುಂದೆ ಡಮರು! "ಎಪಿಕ್ ಆಗಿರ್ಬೇಕು ಸಾರ್" ಅಂದ. ಬಾಯಿಗೆ ಬಂದದ್ದು ಅಂದೆ. ಪುಣ್ಯಕ್ಕೆ ಅವನಿಗೆ ಬೇರೆಯವರು ಸಿಗಲಿಲ್ಲವೋ ಏನೋ, ಸರಿ, ನಿಮ್ಮಿಷ್ಟದ ಹಾಗೆ ಮಾಡಿ ಅಂದ.

ಒಂದೇ ಒಂದು ವಾದ್ಯ ಸಾಕು ಅಂತ ತೀರ್ಮಾನಿಸಿದೆ. ಚೆಲೋ ಅಂತ ಒಂದಿದೆ. ಪಿಟೀಲಿನ ದೊಡ್ಡಣ್ಣನ ಹಾಗೆ, ತಗ್ಗಿನ ದನಿಯದ್ದು. ಅದರ ಪಟ್ಟಿಯ ಮೇಲೆ ಒಂದೊಂದೇ ಗೆರೆ ಇಟ್ಟೆ. ಮೊದಲು ಇಟ್ಟದ್ದು ಏನೇನೂ ಚೆನ್ನಾಗಿರಲಿಲ್ಲ. ಮೇಲಿನದ್ದನ್ನು ಕೆಳಗೆಳೆದೆ, ಉದ್ದದ್ದನ್ನು ಮೊಟಕು ಮಾಡಿದೆ. ಈ ನಡುವೆ ನಿರ್ದೇಶಕ ದಿನಕ್ಕೊಂದು ಸಲ ಚಿತ್ರ ಬದಲಾಯಿಸಿ ಕಳಿಸುತ್ತಿದ್ದ. ಕನ್ನಡಿಯಂತೆ ಹೊಳೆಯುವ ಬಸದಿಯ ಕಂಬದಲ್ಲಿ ಯಾರದೋ ನೆರಳು ಉದ್ದುದ್ದ ಕಾಣುವ ದೃಶ್ಯವೊಂದಿತ್ತು. ಅದನ್ನು ಹಿಗ್ಗಿಸಿ ಕಳಿಸಿದ. ಆಗ ನನ್ನ ಟ್ಯೂನು ಸರಿಯಾಗಿ ಸಾಲಿನ ಮಧ್ಯಕ್ಕೆ ತುಂಡಾಯಿತು. ಹೊಸದಾಗಿ ಬರೆಯಬೇಕಿತ್ತು. ರೋಸಿ ಹೋಗಿ, ಉಳಿದ ಗೆರೆಗಳನ್ನೆಲ್ಲ ಬಲಕ್ಕೆ ತಳ್ಳಿ, ಮಧ್ಯೆ ಬಿದ್ದ ಖಾಲಿಯನ್ನು ಹಾಗೇ ಬಿಟ್ಟೆ. ಬಿಟ್ಟ ಮೇಲೆ ಕೇಳಿ ನೋಡಿದರೆ ಆ ಖಾಲಿಯಿಂದಲೇ ಟ್ಯೂನಿಗೆ ಜೀವ ಬಂದಿತ್ತು. ಕೊನೆಗೆ ಅವನು ಚಿತ್ರವನ್ನೇ ಅರ್ಧಕ್ಕೆ ಇಳಿಸಿದ, ಜನ ಅಷ್ಟುದ್ದ ನೋಡುವುದಿಲ್ಲವಂತೆ. ಟ್ಯೂನಿನ ಉತ್ತರಾರ್ಧ ಬೇಡವಾಯಿತು. ಅಳಿಸಲು ಮನಸ್ಸು ಬರಲಿಲ್ಲ, ಮ್ಯೂಟ್ ಮಾಡಿದೆ. ಹಾಗೆಂದರೆ ಗೆರೆಗಳು ಬೂದು ಬಣ್ಣಕ್ಕೆ ತಿರುಗಿ ಪಟ್ಟಿಯಲ್ಲಿ ಉಳಿಯುತ್ತವೆ, ಆದರೆ ಕೇಳಿಸುವುದಿಲ್ಲ. ನಾನು ಕೆಲಸ ಮಾಡುವುದು ಹೆಡ್‌ಫೋನ್ ಹಾಕಿಕೊಂಡು. ಆ ಉತ್ತರಾರ್ಧವನ್ನು ನಿರ್ದೇಶಕನಿಗೂ ಕಳಿಸಿರಲಿಲ್ಲ, ನನ್ನ ಹೆಂಡತಿಯೂ ಕೇಳಿರಲಿಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಚಿತ್ರ ಇಂಟರ್ನೆಟ್ಟಿಗೆ ಬಂತು. ಜನ ಬಸದಿಗಿಂತ ಟ್ಯೂನನ್ನೇ ಹೆಚ್ಚು ಹೊಗಳಿದರು. ಹಗರೆ, ಗೆಂಡೆಹಳ್ಳಿಯ ಕಡೆಯ ಹಳೆಯ ಆರ್ಕೆಸ್ಟ್ರಾ ಗೆಳೆಯರು ಫೋನ್ ಮಾಡಿ "ಏನ್ಲಾ, ನಿನ್ ಕೈಲಿ ಇಂಥದ್ದೂ ಐತಾ?" ಅಂದರು. ಬಸ್ತಿಹಳ್ಳಿಯಲ್ಲಂತೂ ನಮ್ಮೂರಿನ ಚಿತ್ರ ಅಂತ ಎಲ್ಲರ ಫೋನಿನಲ್ಲೂ ಅದೇ. ಇಷ್ಟು ವರ್ಷ ಬೆನ್ನು ಬಗ್ಗಿಸಿದ್ದಕ್ಕೆ ಒಂದು ಟ್ಯೂನು, ಒಂದೇ ಒಂದು, ನನ್ನದು ಅಂತ ಎದೆ ತಟ್ಟಿ ಹೇಳಿಕೊಳ್ಳುವಂಥದ್ದು ಹುಟ್ಟಿತ್ತು. ನಾನು ಉಬ್ಬಿದ್ದೆ, ಸುಳ್ಳು ಯಾಕೆ ಹೇಳಲಿ.

ಅದಾಗಿ ಕೆಲವೇ ದಿನಕ್ಕೆ ಒಂದು ಬೆಳಿಗ್ಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಾಗಿಲಿಗೆ ಬಂದರು. ಹೆಸರು ವಿಮಲಾ, ಬಸ್ತಿಹಳ್ಳಿಯವರು, ಜೈನರು, ಹಳೇಬೀಡಿನಲ್ಲಿ ಸಣ್ಣದೊಂದು ಬಟ್ಟೆ ಅಂಗಡಿ. ಚಿತ್ರದ ಕೊನೆಯಲ್ಲಿ ನನ್ನ ಹೆಸರು ನೋಡಿ, ಅರಸೀಕೆರೆಯಲ್ಲಿ ಅವರಿವರನ್ನು ಕೇಳಿಕೊಂಡು ಬಂದಿದ್ದರು. ಹೊಗಳಲು ಬಂದಿದ್ದಾರೆ ಅಂದುಕೊಂಡೆ.

"ಆ ಟ್ಯೂನ್ ಮಾಡಿದ್ದು ನೀವೇನಾ?" ಅಂದರು.

"ಹೌದು, ನಾನೇ."

"ಯಾರನ್ನ ಕಳಿಸಿ ರೆಕಾರ್ಡ್ ಮಾಡಿಸಿದ್ರಿ, ಮೊದ್ಲು ಅದು ಹೇಳಿ. ಅದು ನಮ್ಮಮ್ಮನ ಹಾಡು. ಒಂದ್ ಮಾತು ಕೇಳ್ದೆ ಎತ್ಕೊಂಡ್ ಬಂದು ಊರಿಗೆಲ್ಲ ಹಂಚಿದೀರಲ್ಲ, ನಾಚಿಕೆ ಆಗಲ್ವಾ ನಿಮ್ಗೆ?"

ನನಗೆ ಮೈಯೆಲ್ಲ ಉರಿದುಹೋಯಿತು. ನನಗೆ! ಕದ್ದ ಟ್ಯೂನು ಮಾಡಲಾರೆ ಅಂತ ಬಂದ ಕೆಲಸ ಕಳೆದುಕೊಂಡವನಿಗೆ, ನನ್ನದೇ ಹೊಸ್ತಿಲಲ್ಲಿ ನಿಂತು ಕಳ್ಳ ಅನ್ನುವುದೇ! ನಿಮ್ಮಮ್ಮ ಯಾರು ಅಂತಲೇ ನನಗೆ ಗೊತ್ತಿಲ್ಲ ಅಂತ ಕೂಗಿದೆ. ಅವರೂ ಕೂಗಿದರು. ಎದುರುಮನೆಯವರು ಬಾಗಿಲಿಗೆ ಬಂದರು. ಅವತ್ತು ರಜೆಯ ಮೇಲಿದ್ದ ನನ್ನ ಹೆಂಡತಿ ಬಂದು "ಬೀದೀಲಿ ಬೇಡಿ, ಒಳಗೆ ಬನ್ನಿ ಅಕ್ಕ" ಅಂತ ಅವರ ಕೈ ಹಿಡಿದು ಮೇಲೆ ಕರೆದುಕೊಂಡು ಬಂದಳು. ಹೆಂಡತಿಯ ಮೇಲೂ ನನಗೆ ಸಿಟ್ಟು ಬಂತು.

ಲ್ಯಾಪ್‌ಟಾಪ್ ತೆಗೆದು ತೋರಿಸಿದೆ. ನೋಡಿ, ಇಲ್ಲಿ ದನಿಯೇ ಇಲ್ಲ, ಬರೀ ಗೆರೆ. ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು, ಕೆಟ್ಟದ್ದರಿಂದ ಹಿಡಿದು ಎಲ್ಲ ಹಂತದ ಕಡತವನ್ನೂ ಇಟ್ಟಿದ್ದೇನೆ. ಕದ್ದವನು ಇಷ್ಟೆಲ್ಲ ಒದ್ದಾಡುತ್ತಾನಾ? ವಿಮಲಾ ಪರದೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ದನಿ ತಗ್ಗಿಸಿ ಹೇಳತೊಡಗಿದರು.

"ನಂಗಿಂತ ಮುಂಚೆ ಒಂದು ಗಂಡುಮಗು ಇತ್ತಂತೆ. ಎದೇಲಿ ಬಲ ಇರ್ಲಿಲ್ಲ ಅದಕ್ಕೆ. ಅಮ್ಮ ತಾವೇ ಕಟ್ಟಿ ಹಾಡ್ತಿದ್ದ ಜೋಗುಳ ಇದು. ಮಗು ಉಳೀಲಿಲ್ಲ. ಆಮೇಲೆ ಯಾರ ಮುಂದೂ ಹಾಡಿಲ್ಲ. ಮನೇಲಿ ಯಾರೂ ಇಲ್ದಾಗ ಒಬ್ರೇ ಹಾಡ್ಕೊಳೋರು, ಬಾಗ್ಲು ಸದ್ದಾದ್ರೆ ನಿಲ್ಲಿಸೋರು. ನಾನು ಚಿಕ್ಕೋಳಿದ್ದಾಗ ನಿದ್ದೆ ಬಂದೋಳ ಥರ ಮಲಗಿ ಕೇಳಿಸ್ಕೊಂಡು ಕಲ್ತಿದ್ದು. ಹಿತ್ತಲಲ್ಲಿ ಒಂದ್ಸಲ ಗುನುಗಿದ್ದಕ್ಕೆ ಕೆನ್ನೆಗೆ ಬಾರಿಸಿದ್ರು."

ವಿಮಲಾ ಅವರ ಅಮ್ಮ ಶಾಂತಮ್ಮನವರಿಗೆ ಆಗಲೇ ಎಂಬತ್ತು ದಾಟಿತ್ತು. ಅದಕ್ಕೆ ಕೆಲವು ವರ್ಷ ಮೊದಲು ಲಕ್ವ ಹೊಡೆದು ಮಾತು ನಿಂತಿತ್ತು, ಎಡಗೈ ಮಾತ್ರ ಆಡುತ್ತಿತ್ತು. ಪಕ್ಕದ ಮನೆಯವರ ಫೋನಿನಲ್ಲಿ ಟ್ಯೂನು ಕೇಳಿಸಿದ್ದೇ ತಡ, ಕೈಲಿದ್ದ ಲೋಟ ಎಸೆದರಂತೆ. ಅವತ್ತಿನಿಂದ ಅನ್ನ ಮುಟ್ಟಿಲ್ಲವಂತೆ. ಗಂಜಿ ಕೊಡಲು ಹೋದರೆ ಮುಖ ತಿರುಗಿಸಿ ಆ ಟ್ಯೂನು ನಿಲ್ಲಿಸು ಅನ್ನುವ ಹಾಗೆ ಪಕ್ಕದ ಮನೆಯ ಗೋಡೆಯ ಕಡೆ ಕೈ ತೋರಿಸುತ್ತಾರಂತೆ. "ಹೊತ್ತು ಮುಳುಗಿದ ಮೇಲೆ ನಾವು ಊಟ ಮಾಡಲ್ಲ. ದಿನಾ ಹೊತ್ತು ಮುಳುಗೋವರ್ಗೂ ಬಟ್ಟಲು ಹಿಡ್ಕೊಂಡು ಕೂತಿರ್ತೀನಿ. ಇವತ್ತೂ ಹಿಂಗೇ ಆದ್ರೆ ನಮ್ಮಮ್ಮ ಉಳಿಯಲ್ಲ ಕಣ್ರೀ" ಅಂದರು.

ನನಗೆ ಅಯ್ಯೋ ಅನ್ನಿಸಿತು. ಆದರೂ ಕಳ್ಳ ಅನ್ನಿಸಿಕೊಂಡ ಉರಿ ಆರಿರಲಿಲ್ಲ. ಹಾಗಾದರೆ ಹಾಡಿ ನೋಡೋಣ ಅಂದೆ. ವಿಮಲಾ ತಲೆ ತಗ್ಗಿಸಿ ಹಾಡಿದರು. ನನ್ನದೇ ಟ್ಯೂನು, ಸ್ವರಕ್ಕೆ ಸ್ವರ. ಮಧ್ಯದ ಖಾಲಿಗೆ ಬಂದಾಗ ಅವರೂ ನಿಲ್ಲಿಸಿದರು, ಅಷ್ಟೇ ಹೊತ್ತು. ಚಿತ್ರ ನೋಡಿದ್ದೀರಲ್ಲ, ಅದನ್ನೇ ಒಪ್ಪಿಸುತ್ತಿದ್ದೀರಿ ಅಂದೆ. ಅವರು ನನ್ನ ಮಾತು ಕಿವಿಗೆ ಹಾಕಿಕೊಳ್ಳದೆ ಮುಂದುವರಿಸಿದರು. ಚಿತ್ರದಲ್ಲಿ ಟ್ಯೂನು ಮುಗಿಯುವ ಜಾಗ ದಾಟಿ ಹೋದರು. ಅವರು ಹಾಡುತ್ತಿದ್ದದ್ದು ಉತ್ತರಾರ್ಧ. ನಾನು ಮ್ಯೂಟ್ ಮಾಡಿ ಇಟ್ಟದ್ದು, ನನ್ನ ಎರಡು ಕಿವಿ ಬಿಟ್ಟು ಈ ಲೋಕದಲ್ಲಿ ಯಾರೂ ಕೇಳದಿದ್ದದ್ದು.

ನನ್ನ ಕೈ ತಾನಾಗಿ ಮೌಸ್ ಮೇಲೆ ಹೋಯಿತು. ಹೆಡ್‌ಫೋನಿನ ತಂತಿ ಕಿತ್ತು, ಮ್ಯೂಟ್ ತೆಗೆದು ಪ್ಲೇ ಒತ್ತಿದೆ. ಚೆಲೋ ಅದನ್ನೇ ನುಡಿಸಿತು. ವಿಮಲಾ ಹಾಡುತ್ತಿದ್ದವರು ನಿಲ್ಲಿಸಿ, ಬಾಯಿಗೆ ಸೆರಗು ಒತ್ತಿಕೊಂಡರು. ನನ್ನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಏನಾದರೂ ಕೇಳಬೇಕು ಅಂತ, ಮಧ್ಯೆ ಯಾಕೆ ನಿಲ್ಲಿಸುತ್ತೀರಿ ಅಂತ ಕೇಳಿದೆ. "ಅಮ್ಮ ನಿಲ್ಲಿಸೋರು. ಮಗು ಉಸಿರಾಡ್ತಿದೆಯಾ ಅಂತ ಕೇಳಿಸ್ಕೊಳ್ಳೋಕೆ. ಸೋದರತ್ತೆ ಹೇಳಿದ್ದು" ಅಂದರು.

ನಿರ್ದೇಶಕನಿಗೆ ಫೋನ್ ಮಾಡಿದೆ. ಹೀಗಿದೆ ವಿಷಯ, ಒಬ್ಬರ ಜೀವದ ಪ್ರಶ್ನೆ, ಚಿತ್ರ ತೆಗಿ ಅಂದೆ. "ಏನ್ ಸಾರ್ ನೀವು, ಟ್ಯೂನೇ ವರ್ಕ್ ಆಗ್ತಿರೋದು" ಅಂದ. ಆಮೇಲೆ ಅವನ ದನಿ ಚುರುಕಾಯಿತು. "ಸಾರ್, ಒಂದ್ ಕೆಲ್ಸ ಮಾಡೋಣ. ಅಜ್ಜಿಗೆ ಟ್ಯೂನ್ ಕೇಳಿಸೋಣ, ಅವ್ರ ರಿಯಾಕ್ಷನ್ ಶೂಟ್ ಮಾಡೋಣ. ಸಖತ್ ಎಮೋಷನಲ್ ಆಗಿರತ್ತೆ" ಅಂದ. ಇಷ್ಟು ವಯಸ್ಸಿಗೆ ನಾನು ಅಷ್ಟು ಕೆಟ್ಟ ಮಾತು ಯಾರಿಗೂ ಅಂದಿರಲಿಲ್ಲ. ಎದುರಿಗೆ ಹೆಂಗಸರಿದ್ದಾರೆ ಅನ್ನುವುದೂ ಮರೆತುಹೋಯಿತು. ಇಂಥವರ ಕೈಗೆ ಕ್ಯಾಮೆರಾ ಕೊಟ್ಟವರು ಯಾರು? ಅನ್ನ ಬಿಟ್ಟು ಮಲಗಿರುವ ಮುದುಕಿಯ ಮುಖ ಇವನಿಗೆ ಬಂಡವಾಳ!

ಉಳಿದದ್ದು ಒಂದೇ ದಾರಿ. ನಮ್ಮದು ಬಾಯಿಮಾತಿನ ವ್ಯವಹಾರ. ಸಂಗೀತದ ಹಕ್ಕು ಅವನಿಗೆ ಅಂತ ನಾನು ಎಲ್ಲೂ ಬರೆದುಕೊಟ್ಟಿರಲಿಲ್ಲ. ಚಿತ್ರ ಹಾಕಿದ್ದ ವೆಬ್‌ಸೈಟಿಗೇ, ನನ್ನ ಟ್ಯೂನು ಕದ್ದು ಬಳಸಿದ್ದಾರೆ ಅಂತ ಕಳ್ಳತನದ ದೂರು ಬರೆದೆ. ಈ ಟ್ಯೂನು ಪೂರ್ತಿಯಾಗಿ ನನ್ನ ಸ್ವಂತ ರಚನೆ, ಬೇರೆ ಯಾರಿಗೂ ಇದರಲ್ಲಿ ಪಾಲಿಲ್ಲ ಅಂತ ಪ್ರಮಾಣ ಮಾಡಿ ಹೇಳಬೇಕಿತ್ತು. ಅರ್ಧ ಗಂಟೆ ಮೊದಲಾಗಿದ್ದರೆ ಎದೆಯುಬ್ಬಿಸಿ ಬರೆಯುತ್ತಿದ್ದೆ. ಈಗ ವಿಮಲಾ ಪಕ್ಕದಲ್ಲೇ ಕೂತು ನೋಡುತ್ತಿದ್ದಾರೆ, ಬೆರಳು ಮುಂದೆ ಹೋಗುತ್ತಿಲ್ಲ. "ಬರೀರಿ. ನಿಮ್ದು ಅಂತಾನೇ ಬರೀರಿ. ನಿಂತ್ರೆ ಸಾಕು ನಂಗೆ" ಅಂದರು. ನನ್ನನ್ನು ಕಳ್ಳ ಅನ್ನಲು ಬಂದವರ ಎದುರಿಗೇ, ಅವರ ಒಪ್ಪಿಗೆಯ ಮೇಲೇ, ನನ್ನದು ಅಂತ ಪ್ರಮಾಣ ಮಾಡಿದೆ. ಅದರ ಪ್ರತಿಯನ್ನು ನಿರ್ದೇಶಕನಿಗೂ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವನು ಫೋನ್ ಮಾಡಿ ಕಿರುಚಾಡಿದ. ನನ್ನಂಥವರು ಬೀದಿಗೊಬ್ಬರು ಸಿಗುತ್ತಾರಂತೆ. ಸಿಗಲಿ. ಮಧ್ಯಾಹ್ನದ ಹೊತ್ತಿಗೆ ಚಿತ್ರ ಮಾಯವಾಗಿತ್ತು.

"ನಾನು ಹೇಳಿದ್ರೆ ಅಮ್ಮ ನಂಬಲ್ಲ, ನೀವೇ ಬನ್ನಿ" ಅಂದರು ವಿಮಲಾ. ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಜಾವಗಲ್ಲಿನಲ್ಲಿ ಬಸ್ಸು ಸುಮ್ಮನೆ ನಿಂತಿತು. ಡ್ರೈವರ್ ಟೀ ಕುಡಿಯುತ್ತಿದ್ದ, ವಿಮಲಾ ಕಿಟಕಿಯಿಂದ ಬಗ್ಗಿ ಬಗ್ಗಿ ಬಿಸಿಲು ನೋಡುತ್ತಿದ್ದರು. "ಬೇಗ ಹೊರಡ್ರೀ" ಅಂತ ನಾನು ಕೂಗಿದ್ದಕ್ಕೆ ಕಂಡಕ್ಟರ್ "ಏನ್ ಸ್ವಾಮಿ, ಹೊತ್ತೇನ್ ಓಡೋಯ್ತಾ ಐತಾ?" ಅಂದ. ಅವನಿಗೇನು ಗೊತ್ತು.

ಬಸ್ತಿಹಳ್ಳಿ ತಲುಪಿದಾಗ ಹೊತ್ತು ಇನ್ನೂ ಇತ್ತು. ಶಾಂತಮ್ಮನವರು ದಿಂಬಿಗೆ ಒರಗಿ ಕೂತಿದ್ದರು. ಒಣಗಿದ ಮುಖ, ಆದರೆ ಕಣ್ಣು ಮಾತ್ರ ಕೆಂಡ. ನನ್ನ ಮೇಲೆ ನೆಟ್ಟ ಕಣ್ಣನ್ನು ಅವರು ತೆಗೆಯಲಿಲ್ಲ. ಮಗಳು ನಾನು ಯಾರು ಅಂತ ಹೇಳಿದರು. ನಾನು ನೆಲದ ಮೇಲೆ ಕೂತು, ಅಮ್ಮಾ, ನಾನು ಕದ್ದಿಲ್ಲ, ಆದರೂ ಅಳಿಸುತ್ತೇನೆ ನೋಡಿ ಅಂದೆ. ದನಿ ಬರದ ಹಾಗೆ ಮಾಡಿ ಪಟ್ಟಿ ತೆರೆದೆ, ಹಳೆಯ ಹಂತದ ಕಡತಗಳನ್ನೆಲ್ಲ ಅವರ ಎದುರೇ ತೆಗೆದುಹಾಕಿದೆ. ಕೊನೆಯ ಕಡತದಲ್ಲಿ ಚಿತ್ರಕ್ಕೆ ಹೋಗಿದ್ದ ಭಾಗ ಅಳಿಸಿದೆ. ಅವರು ಎಡಗೈ ಎತ್ತಿ ಪರದೆಯ ಕಡೆ ಬೆರಳು ತೋರಿಸಿದರು. ಉತ್ತರಾರ್ಧ ಇನ್ನೂ ಅಲ್ಲೇ ಇತ್ತು. ಉಳಿದದ್ದು ಕಣ್ಣಿಗೆ ಬಿದ್ದು ತೋರಿಸಿರಬಹುದು, ನಾನು ಹೆಚ್ಚು ಹೇಳುವುದಿಲ್ಲ. ಅದನ್ನೂ ಅಳಿಸಿದೆ. ಪಟ್ಟಿ ಬರಿದಾಯಿತು. ನನಗೆ ಅಳು ಬಂತು. ಮರುಕದ ಅಳು ಅಂದುಕೊಳ್ಳಬೇಡಿ, ಸಿಟ್ಟಿನ ಅಳು. ಅಂಥದ್ದು ನನ್ನ ಕೈಯಲ್ಲಿ ಮತ್ತೆ ಹುಟ್ಟುವುದಿಲ್ಲ ಅಂತ ಆಗಲೇ ಗೊತ್ತಿತ್ತು.

ವಿಮಲಾ ಗಂಜಿಯ ಬಟ್ಟಲು ತಂದರು. ಅಂಗಳದ ಗೋಡೆಯ ಮೇಲೆ ಬಿಸಿಲು ಒಂದು ಮೊಳ ಉಳಿದಿತ್ತು. ಶಾಂತಮ್ಮನವರು ಬಾಯಿ ತೆರೆದರು. ಒಂದು ಚಮಚ, ಆಮೇಲೆ ಇನ್ನೊಂದು. ಬಟ್ಟಲು ಮುಗಿಯುವವರೆಗೂ ಅವರು ನನ್ನನ್ನೇ ನೋಡುತ್ತಿದ್ದರು, ಆ ನೋಟದಲ್ಲಿ ಕ್ಷಮೆಯ ಸುಳಿವೂ ಇರಲಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ! ನನಗೆ ಕೊಟ್ಟ ಹಾಲನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದೆ.

ಆಮೇಲೆ ಈ ವಿಷಯ ಹೇಳಿದವರೆಲ್ಲ ನನಗೆ ವಿವರಣೆ ಕೊಟ್ಟಿದ್ದಾರೆ. ಇರುವುದೇ ಕೆಲವು ಸ್ವರ, ಎಲ್ಲೋ ಒಂದು ಕಡೆ ತಾಳೆಯಾಗಲೇಬೇಕು ಅಂತ ಗಣಿತದ ಮೇಷ್ಟ್ರೊಬ್ಬರು ಅಂದರು. ನಾಲ್ಕು ಸ್ವರ ತಾಳೆಯಾದೀತು, ಪೂರ್ತಿ ಹಾಡು, ಅದರ ಮೌನದ ಸಮೇತ ತಾಳೆಯಾಗುತ್ತದೆಯೇ? ಚಿಕ್ಕಂದಿನಲ್ಲಿ ಎಲ್ಲೋ ಕೇಳಿರುತ್ತೀರಿ ಅಂದಳು ಹೆಂಡತಿ. ಬಾಗಿಲು ಸದ್ದಾದರೆ ನಿಲ್ಲಿಸುತ್ತಿದ್ದವರ ಹಾಡನ್ನು ಅರಸೀಕೆರೆಯವನು ಕೇಳುವುದು ಹೇಗೆ? ಷಡ್ಡಕನಿಗೆ ಮಾತ್ರ ನಾನು ಹೇಳಿಲ್ಲ. ಅವನ ಮುಖದ ಮೇಲಿನ ನಗು ನೋಡುವ ಶಕ್ತಿ ನನಗಿಲ್ಲ.

ಕಳೆದ ವರ್ಷ ವಿಮಲಾ ಫೋನ್ ಮಾಡಿದ್ದರು. ಶಾಂತಮ್ಮನವರು ಹೋದರಂತೆ. ಕೊನೆಯವರೆಗೂ ಎರಡು ಹೊತ್ತೂ ಚೆನ್ನಾಗಿ ಉಂಡರಂತೆ. ಆ ಹಾಡನ್ನು ಒಂದು ಸಲ ಕಿವಿಯ ಹತ್ತಿರ ಹಾಡಲೇ ಅಂತ ವಿಮಲಾ ಕೇಳಿದ್ದಕ್ಕೆ ಬೇಡ ಅಂತ ತಲೆಯಾಡಿಸಿದರಂತೆ. ಆಮೇಲೆ ವಿಮಲಾ "ತಪ್ಪು ತಿಳ್ಕೋಬೇಡಿ. ಅಮ್ಮಂಗೆ ನಿಮ್ಮ ಮೇಲಿನ ಸಿಟ್ಟು ಮಾತ್ರ ಕೊನೆವರ್ಗೂ ಹೋಗ್ಲಿಲ್ಲ ಕಣ್ರೀ" ಅಂದರು.

"ನಂಗೂ ಹೋಗಿಲ್ಲಮ್ಮ" ಅಂದೆ.

ಯಾರ ಮೇಲೆ ಅಂತ ಅವರು ಕೇಳಿದರು. ಶಾಂತಮ್ಮನವರಿಗಾದರೂ ಬೈದುಕೊಳ್ಳಲು ನಾನಿದ್ದೆ. ನನಗೆ ಯಾರಿದ್ದಾರೆ ಅಂತ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ, ಫೋನ್ ಇಟ್ಟುಬಿಟ್ಟೆ.